ನಾಗರ ಅಮಾವಾಸ್ಯೆಗೆ ತೆಗೆಯಬೇಕಿದ್ದ ನಳಿಕೆ

ಜೂನ್ ೨೨, ಭಾನುವಾರ

ನಿನ್ನೆ ದವಾಖಾನೆಯಿಂದ ಬಿಡುಗಡೆಯಾಯಿತು. ಗೋಪನಕೊಪ್ಪದ ಸ್ವಗೃಹಕ್ಕೆ ಆಟೋರಿಕ್ಷಾದಲ್ಲಿ ಶ್ರೀಮಾನ್ ಗೋವಿಂದಪ್ಪ ಮಾಸ್ತರರ ಪುರಪ್ರವೇಶ. ವಾದ್ಯಮೇಳ ಇರಲಿಲ್ಲ. ಓಣಿಯ ನಾಯಿ ಮಾತ್ರ ಎದ್ದು ನೋಡಿ, ಗುರುತು ಹತ್ತದೆ ಬೊಗಳಿತು. ತೂಕ ಅಷ್ಟು ಇಳಿದಿದೆ.

ಮೂವತ್ತು ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ಮೇದೋಜೀರಕ ಗ್ರಂಥಿಯ ಚಿತ್ರ ಬರೆದು ತೋರಿಸಿದ್ದೇನೆ. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ, ಎಲೆಯಂಥ ಒಂದು ಅಂಗ. ಎರಡು ಅಂಕದ ಪ್ರಶ್ನೆ. ಅದು ಕರಿಹಲಗೆಯ ಮೇಲಲ್ಲದೆ ನನ್ನೊಳಗೂ ಇದೆ ಎಂದು ಒಮ್ಮೆಯೂ ಯೋಚಿಸಿದವನಲ್ಲ. ಅವಮಾನವಾಗಿರಬೇಕು ಅದಕ್ಕೆ. ನಾಳದಲ್ಲಿ ಕಲ್ಲು ಕಟ್ಟಿಕೊಂಡು, ರಸ ಹೊರಗೆ ಹರಿಯದೆ, ನಾಲ್ಕು ತಿಂಗಳಿಂದ ಒಳಗೇ ಕುದಿಯುತ್ತಿತ್ತಂತೆ. ಬಾಯಿಯಿಂದ ದುರ್ಬೀನು ಇಳಿಸಿ, ಕರುಳಿನ ಮೂಲೆಯಲ್ಲಿ ಆ ನಾಳದ ಬಾಯಿ ಹುಡುಕಿ, ಕಿರುಬೆರಳಿಗಿಂತ ಸಣ್ಣದೊಂದು ಪ್ಲಾಸ್ಟಿಕ್ ನಳಿಕೆ ತೂರಿಸಿದರು. ಸ್ಟೆಂಟ್ ಎಂದು ಅದರ ಹೆಸರು. ಬೆಳಿಗ್ಗೆ ಹೋದರೆ ಸಂಜೆಯ ಚಹಾ ಮನೆಯಲ್ಲೇ ಎಂದಿದ್ದರು. ಆ ಚಹಾ ಹತ್ತು ದಿನ ತಡವಾಯಿತು.

ಮುಟ್ಟಿದ್ದಕ್ಕೆ ಗ್ರಂಥಿ ಸಿಟ್ಟಿಗೆದ್ದು ಬಾತುಕೊಂಡಿತು. "ನೂರರಾಗ ಐದಾರು ಮಂದಿಗೆ ಹಿಂಗ ಆಗತೈತ್ರಿ ಸರ. ಯಾರಿಗೆ ಅಂತ ಮೊದ್ಲ ಹೇಳಾಕ ಬರೂದಿಲ್ಲ" ಎಂದರು ಡಾಕ್ಟರು. ಸಾಲಿಯಲ್ಲಿ ಓದುವಾಗ ಒಮ್ಮೆಯೂ ಮೊದಲ ಐದರಲ್ಲಿ ಬರದವನಿಗೆ ದೇಹ ಈ ವಯಸ್ಸಿನಲ್ಲಿ ಆ ಗೌರವ ಕೊಟ್ಟಿತು.

ಆ ಮೊದಲ ರಾತ್ರಿಯ ನೋವಿನ ಬಗ್ಗೆ ಬರೆಯೋಣವೆಂದು ಈಗ ಮೂರು ಸಲ ಪೆನ್ನು ಎತ್ತಿ ಕೆಳಗಿಟ್ಟೆ. ಮುಂದೆ ಹೋಗೋಣ.

ಬಿಡುವ ಮುಂದೆ ಡಾಕ್ಟರು ಹೇಳಿದ್ದನ್ನು ಗೃಹ ಇಲಾಖೆ (ಅಂದರೆ ನನ್ನ ಧರ್ಮಪತ್ನಿ) ಬಾಯಿಪಾಠ ಮಾಡಿಕೊಂಡು ಬಂದಿದೆ. "ಇದು ಕಾಯಂ ಅಲ್ಲ. ಆರು ವಾರಕ್ಕ ಬಂದು ತೆಗಸಿಕೋಬೇಕು. ಹಂಗ ಬಿಟ್ರ ಒಳಗ ಕಟ್ಕೋತೈತಿ, ಇಲ್ಲಾ ಸರದು ಬಿಡತೈತಿ." ತೆಗೆಯುವುದೂ ಅದೇ ದುರ್ಬೀನಿನಿಂದ, ಅದೇ ಬಾಯಿಯಿಂದ, ಅದೇ ಮೇಜಿನ ಮೇಲೆ.

ಜೂನ್ ೨೯, ಭಾನುವಾರ

ರೋಗಿಯನ್ನು ನೋಡಲು ಬಂದವರಿಗೆ ರೋಗಿಯೇ ಮನರಂಜನೆ ಒದಗಿಸಬೇಕೆಂಬುದು ನಮ್ಮ ಕಡೆಯ ಅಲಿಖಿತ ಕಾಯ್ದೆ. ಬ್ರೆಡ್ ಪಾಕೀಟು, ಎಳನೀರು ಹಿಡಿದು ಬರುತ್ತಾರೆ. ಕುಳಿತು, "ಏನಾತ್ರೀ ಮಾಸ್ತರ, ಮೊದಲಿಂದ ಹೇಳ್ರಿ" ಎನ್ನುತ್ತಾರೆ. ನಾನು ಮೊದಲಿಂದ ಹೇಳುತ್ತೇನೆ. ದುರ್ಬೀನು ಗಂಟಲಿಗಿಳಿದಾಗ "ಮುಂದಿನ ನಿಲ್ದಾಣ ಜಠರ" ಎಂದು ನಮ್ಮೂರಿನ ಚಿಗರಿ ಸಿಟಿ ಬಸ್ಸಿನ ಧ್ವನಿವರ್ಧಕದ ದನಿಯಲ್ಲಿ ಸಾರುವ ಭಾಗಕ್ಕೆ ಎಲ್ಲರೂ ನಗುತ್ತಾರೆ. ನೋವಿನ ಭಾಗವನ್ನು ಕತ್ತರಿಸಿದ್ದೇನೆ. ಕಥೆಯ ಓಟಕ್ಕೆ ಅಡ್ಡಿ.

ಇವತ್ತು ಕಲ್ಲೇಶ ಬಂದಿದ್ದ. ಹಿಂದಿನ ಓಣಿಯವನು, ಗೋಕುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಎಂಟು ವರ್ಷದ ಹಿಂದೆ ಎದೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು, ಅಂದಿನಿಂದ ಆ ವಿಷಯದಲ್ಲಿ ಪಂಡಿತ.

"ತೆಗಿತಾರಂತ? ಯಾಕ ತೆಗಿತಾರ? ನಂದು ಹಾಕಿದ್ದು ಹಾಂಗ ಐತಲ್ಲ! ಕುಂತಲ್ಲಿ ಕುಂತೈತಿ, ಒಂದ ದಿನ ತಕರಾರ ಇಲ್ಲ."

"ನಿಂದು ಹೃದಯದ್ದೋ ಮಾರಾಯ, ಲೋಹದ್ದು. ಇದು ಪ್ಲಾಸ್ಟಿಕ್ಕು."

"ಪ್ಲಾಸ್ಟಿಕ್ ಆದ್ರ ಇನ್ನೂ ಛಲೋ ಆತಲ್ಲ, ತುಕ್ಕ ಹಿಡಿಯೂದಿಲ್ಲ."

ವಿಜ್ಞಾನದ ಶಿಕ್ಷಕನಾಗಿ ಇದನ್ನು ಖಂಡಿಸಬೇಕಿತ್ತು. ಖಂಡಿಸಲಿಲ್ಲ. ಚಹಾ ತಂದ ಗೃಹ ಇಲಾಖೆಯೇ ಖಂಡಿಸಿತು: "ಕಲ್ಲೇಶಣ್ಣ, ನಿನ್ನ ಬಿಡಿಭಾಗದ ಬುದ್ಧಿ ಅಂಗಡಿಯಾಗ ಇಟ್ಟ ಬಾ."

ಜುಲೈ ೮, ಮಂಗಳವಾರ

ದವಾಖಾನೆಯಲ್ಲಿ ತಾರೀಖು ಕೊಡುವ ಹುಡುಗಿ ಮಹೆಕ ಫೋನ್ ಮಾಡಿದ್ದಳು. "ಸರ, ಇಪ್ಪತ್ನಾಕಕ್ಕ ನಿಮ್ಮ ಸ್ಟೆಂಟ್ ತೆಗಿಯೂದೈತ್ರಿ. ಗುರುವಾರ. ಖಾಲಿ ಹೊಟ್ಟಿಲೆ ಬರ್ರಿ." ಆಗಲಮ್ಮಾ ಎಂದೆ. ಫೋನ್ ಇಟ್ಟ ಮೇಲೆ ನೋಡಿದರೆ ಅಂಗೈ ಬೆವೆತಿತ್ತು. ಸೆಕೆ ಇರಬೇಕು. ಹೊರಗೆ ಮಾತ್ರ ಜಿಟಿಜಿಟಿ ಮಳೆ.

ನೋವು ಈಗ ಇಲ್ಲವೇ ಇಲ್ಲ. ಅನ್ನ ಮೊಸರು ಇಳಿಯುತ್ತಿದೆ. ಸುಮ್ಮನೆ ಮಲಗಿದ ಗ್ರಂಥಿಯನ್ನು ಎಬ್ಬಿಸಿ "ಏಳು, ನಿನ್ನ ನಳಿಕೆ ತೆಗೆಯುತ್ತೇವೆ" ಎನ್ನುವುದು ಯಾವ ಸಂಸ್ಕೃತಿ?

ಜುಲೈ ೨೧, ಸೋಮವಾರ

ಕ್ಯಾಲೆಂಡರಿನಲ್ಲಿ ಇಪ್ಪತ್ನಾಲ್ಕರ ಮನೆಯಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ನಾಗರ ಅಮಾವಾಸ್ಯೆ.

ಇಲ್ಲಿ ಓದುಗ ನಾನೊಬ್ಬನೇ, ಆದರೂ ಹಿನ್ನೆಲೆ ಹೇಳುತ್ತೇನೆ. ಈ ಮನೆಯ ಪ್ರವೇಶ ಮಾಡಿದ್ದು ಅಮಾವಾಸ್ಯೆಗೆ. ಸ್ಕೂಟರ್ ಕೊಂಡದ್ದು ಅಮಾವಾಸ್ಯೆಗೆ; ಶೋರೂಮಿನವ ಗಾಬರಿಯಾಗಿ ನಿಂಬೆಹಣ್ಣು ಪುಕ್ಕಟೆ ಕೊಟ್ಟ, ಅದರ ಶರಬತ್ತು ಮಾಡಿ ಕುಡಿದೆವು. ಸಾಲಿಯ ಮಕ್ಕಳು ನನಗಿಟ್ಟ ಹೆಸರು ಅಮಾಸಿ ಮಾಸ್ತರ. ಚಂದ್ರ ಭೂಮಿಯ ಸುತ್ತ ತಿರುಗುವುದಕ್ಕೂ ನಿಮ್ಮಪ್ಪನ ಟ್ರ್ಯಾಕ್ಟರ್ ಪಂಕ್ಚರ್ ಆಗುವುದಕ್ಕೂ ಸಂಬಂಧವಿಲ್ಲ ಎಂದು ನನ್ನಿಂದ ಕೇಳಿಸಿಕೊಳ್ಳದ ಮಗು ಈ ಭಾಗದಲ್ಲಿಲ್ಲ. ನಾವು ಬೌದ್ಧರು. ಗೋಡೆಯ ಮೇಲೆ ಪಂಚಶೀಲವಿದೆ.

ಗೃಹ ಇಲಾಖೆ ಸಂತೆಗೆ ಹೋದಾಗ ಮಹೆಕಳಿಗೆ ಫೋನ್ ಮಾಡಿದೆ.

"ಇಪ್ಪತ್ನಾಕಕ್ಕ ಅಮಾಸಿ ಐತಲ್ಲಮ್ಮಾ. ಮನ್ಯಾಗ ಬ್ಯಾಡ ಅಂತಾರ."

"ಹೌದ್ರಿ ಸರ, ಅವತ್ತ ಯಾರೂ ಬರೂದಿಲ್ಲ. ನಿಮ್ಮದೊಂದ ಇತ್ತು. ಸರ ಭಾಳ ಧೈರ್ಯದವರ ಅದಾರ ಅನ್ಕೊಂಡಿದ್ದೆ." ನಕ್ಕಳು. "ಮುಂದಿನ ಗುರುವಾರ ಹಾಕಲೇನ್ರಿ?"

"ಆವಾಗ ಪಂಚಮಿ ಗದ್ದಲ. ಬೀಗರು ಬಿಜ್ಜರು ಬರ್ತಾರ."

"ಹಂಗಾರ ಆಗಸ್ಟ್ ಹದಿನಾಕು. ಅದಕ್ಕೂ ಮುಂದ ಹಾಕಬ್ಯಾಡ್ರಿ ಸರ, ಡಾಕ್ಟರು ಬೈತಾರ."

ಎಷ್ಟು ಸಲೀಸು! ಪ್ರಶ್ನೆಯಿಲ್ಲ, ವಾದವಿಲ್ಲ. ಮೂವತ್ತು ವರ್ಷ ನಾನು ತಳ್ಳಿದ್ದು ಈ ಬಾಗಿಲನ್ನೇ. ಈ ಕಡೆಯಿಂದ ಎಳೆದರೆ ತೆರೆಯುತ್ತದೆಂದು ಗೊತ್ತಿರಲಿಲ್ಲ. ಮನೆಯಲ್ಲಿ ದುರ್ಬೀನು ಕೆಟ್ಟಿದೆಯಂತೆ ಎಂದು ಹೇಳಿದೆ. ಪಂಚಶೀಲದ ನಾಲ್ಕನೆಯದು, ಸುಳ್ಳು ಹೇಳಬೇಡ ಎಂಬುದು, ಗೋಡೆಯ ಮೇಲೆ ಸ್ವಲ್ಪ ಎತ್ತರದಲ್ಲಿದೆ, ನನ್ನ ಕನ್ನಡಕದ ನಂಬರಿಗೆ ಕಾಣುವುದಿಲ್ಲ.

ಜುಲೈ ೨೪, ಗುರುವಾರ

ಬೆಳಿಗ್ಗೆ ಉಪ್ಪಿಟ್ಟು ತಿಂದೆ. ಖಾಲಿ ಹೊಟ್ಟೆಯಲ್ಲಿ ಮೇಜಿನ ಮೇಲೆ ಮಲಗಬೇಕಾದ ಹೊತ್ತಿಗೆ ಉಪ್ಪಿಟ್ಟು ತಿನ್ನುವ ರುಚಿಯೇ ಬೇರೆ.

ಗೃಹ ಇಲಾಖೆ ಹೊಲಿಗೆ ಮಷೀನಿನ ಮೇಲೆ ಬಟ್ಟೆ ಹೊದಿಸಿತ್ತು. ತವರಿನಿಂದ ಬಂದ ರೂಢಿ, ಅಮಾವಾಸ್ಯೆಗೆ ಹೊಸ ಬಟ್ಟೆಗೆ ಕತ್ತರಿ ಹಚ್ಚುವುದಿಲ್ಲ. ಪ್ರತಿ ತಿಂಗಳೂ ಇದರ ಮೇಲೆ ನನ್ನದೊಂದು ಉಪನ್ಯಾಸವಿರುತ್ತದೆ. ಇವತ್ತೂ ಶುರು ಮಾಡಿದೆ.

"ಚಂದ್ರ ಕಾಣದಿದ್ರ ಕತ್ರಿ ಮೊಂಡ ಆಗತೈತೇನು?"

"ಇವತ್ತ ಇತ್ತಲ್ಲ ನಿಮ್ಮ ತಾರೀಖು. ಆಗಿ ಹೋಗಿದ್ರ ಚಲೋ ಇತ್ತು" ಎಂದಳು.

"ಅಮಾಸಿಗೆ? ನೀನು ಒಪ್ತಿದ್ದ್ಯೇನು?"

"ಜೀವಕ್ಕ ಯಾವ ಅಮಾಸಿ ರೀ?" ಎಂದು ಬೇಳೆ ಆರಿಸತೊಡಗಿದಳು.

ಉಪ್ಪಿಟ್ಟು ಸ್ವಲ್ಪ ಭಾರವಾಯಿತು.

ಜುಲೈ ೨೯, ಮಂಗಳವಾರ

ಪಂಚಮಿ. ಶೇಂಗಾ ಉಂಡಿ, ಎಳ್ಳುಂಡಿ, ಡಬ್ಬಿಯ ಸದ್ದು. ನನಗೆ ಜಿಡ್ಡು ನಿಷೇಧ. ಕದ್ದು ಒಂದೇ ಒಂದು ತಿಂದೆ. ಸಂಜೆ ಎಡ ಪಕ್ಕೆಯಲ್ಲಿ ಏನೋ ಮಿಸುಕಿತು. "ನೋಯಾಕತ್ತೈತೇನು?" ಎಂದಳು ಹೆಂಡತಿ. ಇಲ್ಲ ಎಂದೆ.

ಆಗಸ್ಟ್ ೬, ಬುಧವಾರ

ಚಳಿ. ಎರಡು ಕಂಬಳಿ. ಹಲ್ಲು ಕಟಕಟ. ಆಮೇಲೆ ಬರೆಯುವೆ.

ಆಗಸ್ಟ್ ೯, ಶನಿವಾರ

ಮೂಗಿನಲ್ಲಿ ಒಂದು ನಳಿ, ಪಕ್ಕೆಯಲ್ಲಿ ಒಂದು, ಮೂತ್ರಕ್ಕೊಂದು. ಜಲಮಂಡಳಿಯವರು ನೋಡಿದರೆ ಮೀಟರ್ ಕೂಡಿಸಿಯಾರು. ಪ್ಲಾಸ್ಟಿಕ್ ನಳಿಕೆ ಕಟ್ಟಿಕೊಂಡಿದೆ, ಅಷ್ಟೇ ಅಲ್ಲ, ನಾಳದ ಒಳಕ್ಕೆ ಸರಿದುಬಿಟ್ಟಿದೆ. ಅದರ ಹಿಂದೆ ಕೀವು. ಪಕ್ಕೆಯ ನಳಿಯಿಂದ ಚೀಲಕ್ಕೆ ಬೀಳುವುದನ್ನು ನಾನು ನೋಡುವುದಿಲ್ಲ. ಹೆಂಡತಿ ನೋಡುತ್ತಾಳೆ, ನರ್ಸಿಗೆ ಬಣ್ಣ ಹೇಳುತ್ತಾಳೆ.

ಪಕ್ಕದ ಮಂಚದಲ್ಲಿ ಬಡೇಸಾಬ. ಲಾರಿ ಡ್ರೈವರ್ ಆಗಿದ್ದವನು. ಅವನಿಗೂ ಇದೇ ಗ್ರಂಥಿ, ಇದೇ ನಳಿಕೆ, ಬದಲಿಸಿದ್ದು ನಾಲ್ಕನೆಯ ಸಲವಂತೆ. "ಗುರುಗಳ, ನಂದು ಪಾಸಿಂಗ್ ಇದ್ದಂಗ. ಮೂರ ತಿಂಗಳಿಗೊಮ್ಮೆ ಗಾಡಿ ತಂದು ತೋರಸೂದು. ಒಂದ ಸಲಾನೂ ತಪ್ಪಿಸಿಲ್ಲ." ಕೊನೆಯ ಸಲದ ನಂತರ ಅವನಿಗೂ ಬಾತುಕೊಂಡಿದೆ.

ಆಗಸ್ಟ್ ೧೧, ಸೋಮವಾರ

ಮಹೆಕ ವಾರ್ಡಿಗೆ ಬಂದಿದ್ದಳು. ದನಿ ಮಾತ್ರ ಗೊತ್ತಿತ್ತು. ನೋಡಿದರೆ ನನ್ನ ವಿದ್ಯಾರ್ಥಿನಿಯರ ವಯಸ್ಸು. ಕಣ್ಣು ತುಂಬಿಕೊಂಡು, ಮಂಚದ ಬದಿಯಲ್ಲಿದ್ದ ನನ್ನ ಹೆಂಡತಿಗೆ ಹೇಳಿದಳು: "ಅಮ್ಮಾರ, ನೀವು ಅಮಾಸಿಗೆ ಬ್ಯಾಡ ಅಂದಿದ್ದಕ್ಕ ನಾ ಮುಂದ ಹಾಕಿದ್ದೆ. ಆವತ್ತ ಇನ್ನೊಮ್ಮೆ ಒತ್ತಿ ಹೇಳಬೇಕಿತ್ತರಿ ನಾನು."

ಹೆಂಡತಿ ನನ್ನ ಕಡೆ ನೋಡಿದಳು. ನಾನು ಸಲಾಯಿನ್ ಬಾಟಲಿಯ ಕಡೆ ನೋಡಿದೆ. ಹನಿ ಬೀಳುವುದು ಬಹಳ ಆಸಕ್ತಿಕರ ವಿದ್ಯಮಾನ.

"ನಿಂದೇನ ತಪ್ಪೈತಿ ತಂಗಿ" ಎಂದಳು ಅವಳು. "ನಾನ ಹೇಳಿದ್ದೆ."

ಆಗಸ್ಟ್ ೧೩, ಬುಧವಾರ

ಮಗ ಪ್ರಬುದ್ಧ ಕಲಘಟಗಿಯ ಕಚೇರಿಯಿಂದ ರಜೆ ಹಾಕಿ ಬಂದಿದ್ದಾನೆ. ಬಂದವನೇ ದವಾಖಾನೆಯವರ ಮೇಲೆ ಏರಿ ಹೋದ. ಆರು ವಾರಕ್ಕೆ ತೆಗೆಯಬೇಕಾದದ್ದನ್ನು ಯಾಕೆ ತೆಗೆಯಲಿಲ್ಲ, ಮಷೀನು ಕೆಟ್ಟರೆ ಬೇರೆ ಕಡೆ ಯಾಕೆ ಕಳಿಸಲಿಲ್ಲ, ದೂರು ಕೊಡುತ್ತೇನೆ, ಆ ತಾರೀಖು ಕೊಡುವವಳ ಹೆಸರೇನು ಎಂದೆಲ್ಲ. ದನಿ ವರಾಂಡದ ತುದಿಗೆ ಕೇಳುವಷ್ಟಿತ್ತು. ಸುಳ್ಳು ಎಷ್ಟು ದೂರ ಹೋಗಿತ್ತೆಂದು ನನಗೆ ಆಗಲೇ ತಿಳಿದದ್ದು.

ಅವನ ಅವ್ವ ಎದ್ದು ಹೋಗಿ ರಟ್ಟೆ ಹಿಡಿದಳು.

"ಆ ಹುಡಿಗಿ ಹೆಸರು ತಗೀಬ್ಯಾಡ. ನಾನ ಬ್ಯಾಡ ಅಂದಿದ್ದೆ. ಅಮಾಸಿ ಇತ್ತಂತ."

ಪ್ರಬುದ್ಧ ಅವಳ ಕಡೆ ತಿರುಗಿದ. "ಅವ್ವಾ! ಅಪ್ಪನ ಮನ್ಯಾಗ ಇದ್ದು? ಇಷ್ಟ ವರ್ಷ ಕೇಳಿದ್ದೆಲ್ಲಾ ಎಲ್ಲಿ ಹೋತು? ನಿನ್ನ ಅಮಾಸಿ ಅಪ್ಪನ ಜೀವಾ ತಗೀತಿತ್ತು ನೋಡು!"

"ಹೂಂ. ತಪ್ಪಾತು."

ನನ್ನ ಮೂಗಿನಲ್ಲಿ ನಳಿ ಇತ್ತು, ಗಂಟಲು ಒಣಗಿತ್ತು. ಆದರೆ ಅದೇ ಬೆಳಿಗ್ಗೆ ಅದೇ ಗಂಟಲಿನಿಂದ ಬಡೇಸಾಬನಿಗೆ ಒಂದು ಜೋಕು ಹೇಳಿದ್ದೆ. ಈಗ ಕಣ್ಣು ಮುಚ್ಚಿಕೊಂಡೆ. ಮಗ ಹೊರಗೆ ಹೋದ ಮೇಲೂ ತೆರೆಯಲಿಲ್ಲ. ಅವಳು ಒದ್ದೆ ಹತ್ತಿಯಿಂದ ನನ್ನ ತುಟಿ ಒರೆಸಿದಳು.

ಆಗಸ್ಟ್ ೧೬, ಶನಿವಾರ

ಬಡೇಸಾಬ ಹೋದ. ಬೆಳಿಗ್ಗೆ ಐಸಿಯುಗೆ ಒಯ್ದಿದ್ದರು, ಮಧ್ಯಾಹ್ನದ ಹೊತ್ತಿಗೆ ಮಂಚಕ್ಕೆ ಹೊಸ ಚಾದರ ಹಾಸಿದರು. ಒಂದೂ ತಾರೀಖು ತಪ್ಪಿಸದವನು.

ಇದರ ಮೇಲೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ.

ಆಗಸ್ಟ್ ೧೯, ಮಂಗಳವಾರ

ಜ್ವರ ಇಳಿದಿದೆ. ನಾಡಿದ್ದು ದುರ್ಬೀನು. ಡಾಕ್ಟರು ಮಂಚದ ಮೇಲೆ ಕುಳಿತು ಹೇಳಿದರು: "ಒಳಗ ಸರದಿದ್ದನ್ನ ಹಿಡದು ಎಳೀಬೇಕು. ಸಿಕ್ರ ಸಿಗತೈತಿ. ಇಲ್ಲಾಂದ್ರ ಹೊಟ್ಟಿ ಕೊಯ್ಯಬೇಕಾಗತೈತಿ. ಮತ್ತ ಬಾತುಕೊಳ್ಳೂದಿಲ್ಲ ಅಂತ ನಾ ಮಾತ ಕೊಡೂದಿಲ್ರಿ."

ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದೆ. ಮೂವತ್ತು ವರ್ಷ ಅಂಕಪಟ್ಟಿಗೆ ಹಾಕಿದ ಸಹಿ, ಇವತ್ತಿನದು ನನ್ನದೆಂದು ಯಾರೂ ಹೇಳಲಾರರು. ಡಾಕ್ಟರು ಹೋದ ಮೇಲೆ ಅವಳು ಕೇಳಿದಳು:

"ಅವತ್ತ ಅಂಜಿದ್ರ್ಯಾ?"

ಯಾವತ್ತು ಎಂದು ಕೇಳಲಿಲ್ಲ. ಹೌದೆಂದು ಗೋಣು ಹಾಕಿದೆ.

"ನನಗ ಹೇಳಬೇಕಿತ್ತು. ನಾನೂ ಅಂಜಿದ್ದೆ. ಇಬ್ರೂ ಕೂಡಿ ಅಂಜಿದ್ರ ಬರಬಹುದಿತ್ತು."

ಮಗನಿಗೆ ಖರೇ ಹೇಳಿಬಿಡುತ್ತೇನೆ ಎಂದೆ. "ಈಗ ಬ್ಯಾಡ, ಮೊದ್ಲ ಆಗಿ ಬರ್ರಿ" ಎಂದಳು ದುರಗವ್ವ. ಅವಳ ಕುತ್ತಿಗೆಯ ಎಲುಬು ಇಷ್ಟು ಮೇಲೆ ಬಂದದ್ದು ಯಾವಾಗ?

ಆಗಸ್ಟ್ ೨೨, ಶುಕ್ರವಾರ

ಸಿಕ್ಕಿತು. ಎರಡು ತಾಸು ಹಿಡಿಯಿತಂತೆ. ತುದಿ ಮುರಿದು ಎರಡು ಚೂರಾಗಿ ಬಂತು. ಜಾಗದಲ್ಲಿ ಹೊಸದು ಕೂತಿದೆ. ನಾಳ ಇನ್ನೂ ಕಿರಿದೇ. ಅಂದರೆ ಇದು ಮುಗಿಯುವ ಬಾಬತ್ತಲ್ಲ. ಸಕ್ಕರೆ ರೋಗ ಹೊಸದಾಗಿ ಸೇರಿಕೊಂಡಿದೆ, ದಿನಕ್ಕೆ ಎರಡು ಸಲ ಇನ್ಸುಲಿನ್.

ನೋವಿದೆ. ದುರಗವ್ವ ರಾತ್ರಿ ನೆಲದ ಮೇಲೆ ಮಲಗಿದ್ದಳು.

ಸೆಪ್ಟೆಂಬರ್ ೭, ಭಾನುವಾರ

ಮನೆ. ಇವತ್ತು ಕಲ್ಲೇಶ ಬಂದ, ನಮ್ಮ ಸಾಲಿಯ ಮುಖ್ಯೋಪಾಧ್ಯಾಯಿನಿ ಲಕ್ಷ್ಮೀಬಾಯಿಯವರು ಬಂದರು. ಪ್ರಬುದ್ಧನೂ ಇದ್ದ. ಎಳನೀರು, ಬ್ರೆಡ್ಡು. "ಏನಾತ್ರಿ, ಮೊದಲಿಂದ ಹೇಳ್ರಿ."

ನಾನು ಹೇಳುವ ಮೊದಲೇ ಪ್ರಬುದ್ಧ ಹೇಳಿದ. ಸಿಟ್ಟು ಇಳಿದಿದೆ, ಈಗ ಅದು ಅವನ ಬಾಯಲ್ಲಿ ಕಥೆಯಾಗಿದೆ. ಕಥೆ ಕಟ್ಟುವ ಆ ರೋಗ ನನ್ನಿಂದ ಬಂದದ್ದು. "ನಮ್ಮವ್ವ ಅಮಾಸಿ ಅಂತ ಮುಂದ ಹಾಕಿಸಿಬಿಟ್ಟಾಳ್ರಿ. ಅಮಾಸಿ ಮಾಸ್ತರ ಮನ್ಯಾಗ!"

"ಅಯ್ಯ ದುರಗವ್ವ, ನೀನರ ಹಿಂಗ ಮಾಡೂದೇನ?" ಎಂದರು ಲಕ್ಷ್ಮೀಬಾಯಿ. ದುರಗವ್ವ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಲೆ ತಗ್ಗಿಸಿ ಸ್ವಲ್ಪ ನಕ್ಕಳು. ಎಷ್ಟು ಮನೆಗಳಲ್ಲಿ ಈ ನಗೆ ಆಗಲೇ ನಕ್ಕು ಬಂದಿದ್ದಾಳೋ.

"ಅಕಿ ಅಲ್ಲ" ಎಂದೆ. "ನಾನ. ನಾನ ಫೋನ್ ಮಾಡಿ ಅಮಾಸಿ ಐತಿ ಬ್ಯಾಡ ಅಂದೆ. ಅಕಿಗೆ ದುರ್ಬೀನು ಕೆಟ್ಟೈತಿ ಅಂತ ಸುಳ್ಳ ಹೇಳಿದೆ. ನನಗ ಅಂಜಿಕಿ ಬಂದಿತ್ತು."

ಕಲ್ಲೇಶ ತೊಡೆ ತಟ್ಟಿಕೊಂಡು ನಕ್ಕ. ಲಕ್ಷ್ಮೀಬಾಯಿ ಕಣ್ಣೊರೆಸಿಕೊಂಡು ನಕ್ಕರು. "ಮಾಸ್ತರ, ಅಮಾಸಿಗೆ ನೀವು ಅಂಜೂದು! ಸಾವಿನ ಬಾಗಿಲಿಗೆ ಹೋಗಿ ಬಂದ್ರೂ ನಿಮ್ಮ ಚೇಷ್ಟಿ ಬಿಡಲಿಲ್ಲ ನೋಡ್ರಿ."

"ಚೇಷ್ಟಿ ಅಲ್ರಿ ಬಾಯಾರ, ಖರೇ ಹೇಳಾಕತ್ತೇನಿ."

ಇನ್ನೂ ನಕ್ಕರು. ಪ್ರಬುದ್ಧ ನನ್ನ ಭುಜ ಹಿಡಿದ. ಅವನ ಕಣ್ಣು ಒದ್ದೆಯಾಗಿತ್ತು. "ಅವ್ವನ ತಪ್ಪ ಅಪ್ಪ ಹೆಂಗ ತಮ್ಮ ಮ್ಯಾಲ ಹಾಕ್ಕೋತಾರ ನೋಡ್ರಿ" ಎಂದ. ಲಕ್ಷ್ಮೀಬಾಯಿಯವರು ಹೊರಡುವಾಗ ದುರಗವ್ವನ ಕೈ ಹಿಡಿದು, "ಇಂಥಾ ಗಂಡ ಸಿಗಾಕ ಪುಣ್ಯಾ ಮಾಡಿರಬೇಕು" ಎಂದು ಹೇಳಿ ಹೋದರು. ಪ್ರಬುದ್ಧ ಅವರನ್ನು ಬಸ್ ನಿಲ್ದಾಣದವರೆಗೆ ಬಿಡಲು ಹೋದ.

ಎದ್ದು ಒಳಗೆ ಹೋದೆ. ಅವಳು ಕಪ್ಪು ತೊಳೆಯುತ್ತಿದ್ದಳು.

"ಯಾರೂ ನಂಬಲಿಲ್ಲ."

"ನೋಡಿದೆ."

"ಅವಂಗ ಮತ್ತ ಹೇಳತೇನಿ. ನಂಬೂತನಕ ಹೇಳತೇನಿ."

"ಹೇಳ್ರಿ" ಎಂದಳು. ಬೇಡ ಎನ್ನಲಿಲ್ಲ. ಕಪ್ಪುಗಳನ್ನು ಬೋರಲು ಹಾಕಿ ನನ್ನ ಮುಖ ನೋಡಿದಳು. ನಾನು ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಬಾಗಿ ನಿಂತಿದ್ದೆ.

"ನೋಯಾಕತ್ತೈತೇನು?"

"ಹೂಂ. ನಿನ್ನಿಯಿಂದ. ಬೆನ್ನಿಗೆ ಹೊಡಿಯಾಕತ್ತೈತಿ. ಚಳೀನೂ ಬರಾಕತ್ತೈತಿ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು, ಮೊಳೆಯ ಮೇಲಿನ ದವಾಖಾನೆಯ ಕಡತದ ಚೀಲ ತೆಗೆದುಕೊಂಡಳು, ಆಟೋ ತರಲು ಓಣಿಯ ತುದಿಗೆ ಹೋದಳು. ಹೋಗುವ ಮುನ್ನ ನನ್ನ ಚಪ್ಪಲಿ ಕಾಲ ಹತ್ತಿರ ಸರಿಸಿಟ್ಟು ಹೋಗಿದ್ದಾಳೆ. ಅವಳು ಬರುವಷ್ಟರಲ್ಲಿ ಇಷ್ಟು ಬರೆದೆ. ಆಟೋದ ಸದ್ದು ಕೇಳುತ್ತಿದೆ. ಅಂಜಿಕೆಯಾಗುತ್ತಿದೆ, ಬಹಳ. ದಾರಿಯಲ್ಲಿ ಅವಳಿಗೆ ಹೇಳಬೇಕು.